ಸ್ಕ್ರೀನ್ ಮಿಣಮಿಣ ಅಂದ್ರೆ ಪ್ಯಾನೆಲ್ ಹೋಯ್ತು ಅಂತಲ್ಲ: ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ತಕರಾರು ಹುಡುಕೋ ಬಗೆ

ಪುಣೆಯಿಂದ ಮಾತಾಡ್ತಾ ಇದ್ದೀನಿ. ಈ ವಾರದ ವಿಡಿಯೊ ಸ್ವಲ್ಪ ಉದ್ದ ಆಯ್ತು. ನೋಡೋಕೆ ಪುರುಸೊತ್ತು ಇಲ್ಲದವರಿಗೆ, ಮತ್ತು ಸ್ಕ್ರೀನೇ ಕೆಟ್ಟು ಮೊಬೈಲ್‌ನಲ್ಲಿ ಓದ್ತಾ ಇರೋರಿಗೆ, ಅದೇ ಮಾತನ್ನ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಕಮಾಂಡ್‌ಗಳನ್ನ ವಿಡಿಯೊದಲ್ಲಿ ಬಾಯಲ್ಲಿ ಹೇಳಿದ ಹಾಗೇ ಕನ್ನಡದಲ್ಲೇ ಬರೆದಿದ್ದೀನಿ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಎಲ್ಲಾದ್ರೂ ದೊಡ್ಡ ಅಕ್ಷರ ಬೇಕಿದ್ರೆ ಅಲ್ಲೇ ಹೇಳ್ತೀನಿ.

ಮೊದಲು ಈ ವಿಷಯ ಯಾಕೆ ಬಂತು ಅಂತ ಹೇಳ್ಬಿಡ್ತೀನಿ. ನಮ್ಮ ಪರಿಚಯದವರ ಮಗಳು, ವಿಜಯಪುರ ಕಡೆಯ ಹುಡುಗಿ, ಇಲ್ಲಿ ಕರ್ವೆನಗರದ ಒಂದು ಪಿಜಿಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಕೊನೆಯ ವರ್ಷ ಓದ್ತಾ ಇದ್ದಾಳೆ. ಒಂದು ಭಾನುವಾರ ಫೋನ್ ಮಾಡಿದ್ಳು. "ಕಾಕಾ, ಲ್ಯಾಪ್‌ಟಾಪಿನ ಸ್ಕ್ರೀನ್ ಹೋಗೇತಂತ್ರಿ. ಪ್ಯಾನೆಲ್ ಬದಲಿ ಮಾಡಬೇಕಂತ. ಎಂಟು ಸಾವಿರ ಕೇಳ್ಯಾರ. ಅಪ್ಪಗ ಹ್ಯಾಂಗ ಹೇಳ್ಲಿ?" ಅಂದ್ಳು. ಪ್ರಾಜೆಕ್ಟ್ ಸಬ್‌ಮಿಷನ್‌ಗೆ ಒಂಬತ್ತು ದಿನ ಬಾಕಿ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, ವಾರಂಟಿ ಮುಗಿದಿದೆ. ಅದರಲ್ಲಿ ಇದ್ದದ್ದು ಲಿನಕ್ಸ್ ಒಂದೇ.

"ಇನ್ನೂ ರೊಕ್ಕ ಕೊಟ್ಟಿಲ್ಲಲ್ಲ ತಂಗಿ? ತಗೊಂಡು ಮನಿಗೆ ಬಾ, ಮೊದಲ ನೋಡೂಣು" ಅಂದೆ.

ಅವತ್ತು ನಾವು ಮಾಡಿದ ಕೆಲಸವನ್ನೇ ಇವತ್ತು ಹಂತ ಹಂತವಾಗಿ ಹೇಳ್ತೀನಿ. ಒಂದೇ ಮಾತು ನೆನಪಿಟ್ಕೊಳ್ಳಿ: ಏನನ್ನೂ ಸರಿ ಮಾಡೋಕೆ ಹೋಗೋ ಮುಂಚೆ, ಚಿತ್ರ ಎಲ್ಲಿ ಕೆಡ್ತಾ ಇದೆ ಅಂತ ಗೊತ್ತು ಮಾಡ್ಕೊಳ್ಳಿ. ಜಾಗ ಗೊತ್ತಾದ್ರೆ ಮದ್ದು ಸಿಗೋದು ಸುಲಭ. ಜಾಗ ಗೊತ್ತಿಲ್ಲದೆ ಕೊಡೋ ಮದ್ದು ಎಂಟು ಸಾವಿರದ್ದೂ ಆಗಬಹುದು, ಮೂರು ರಾತ್ರಿಯ ನಿದ್ದೆಯದ್ದೂ ಆಗಬಹುದು.

ಚಿತ್ರ ಸ್ಕ್ರೀನಿಗೆ ಬರೋ ದಾರಿ

ಮದುವೆ ಮನೆಯ ಊಟದ ಪಂಕ್ತಿ ನೆನಪು ಮಾಡ್ಕೊಳ್ಳಿ. ಒಳಗೆ ಅಡುಗೆ ಆಗುತ್ತೆ. ಅದನ್ನ ದೊಡ್ಡ ಪಾತ್ರೆಗೆ ತುಂಬ್ತಾರೆ. ಬಡಿಸೋರು ಸೌಟಿನಲ್ಲಿ ತಂದು ಎಲೆಗೆ ಹಾಕ್ತಾರೆ. ಎಲೆಯಲ್ಲಿ ಸಾರು ಸರಿ ಇಲ್ಲ ಅಂದ್ರೆ ಅಡುಗೆಯಲ್ಲಿ ಉಪ್ಪು ತಪ್ಪಿರಬಹುದು, ಬಡಿಸುವಾಗ ಚೆಲ್ಲಿರಬಹುದು, ಇಲ್ಲಾ ಎಲೆಯೇ ಹರಿದಿರಬಹುದು. ಕೂತವರಿಗೆ ಕಾಣೋದು ಎಲೆ ಮಾತ್ರ.

ಕಂಪ್ಯೂಟರ್‌ನಲ್ಲೂ ಹೀಗೇ. ಬ್ರೌಸರೋ ವಿಡಿಯೊ ಪ್ಲೇಯರೋ "ಇದನ್ನ ಬಿಡಿಸು" ಅಂತ ಕೇಳುತ್ತೆ. ಆ ಕೋರಿಕೆಯನ್ನ ಗ್ರಾಫಿಕ್ಸ್ ಚಿಪ್‌ಗೆ ಅರ್ಥ ಆಗೋ ಭಾಷೆಗೆ ತರೋದು ಮೆಸಾ ಅನ್ನೋ ಲೈಬ್ರರಿ. ಎನ್‌ವಿಡಿಯಾದ ಸ್ವಂತ ಡ್ರೈವರ್ ಹಾಕಿದ್ರೆ ಆ ಕೆಲಸ ಅವರದೇ ಲೈಬ್ರರಿ ಮಾಡುತ್ತೆ. ಬೇರೆ ಬೇರೆ ವಿಂಡೋಗಳನ್ನ ಸೇರಿಸಿ ಒಂದೇ ಚಿತ್ರ ಮಾಡೋದು ಕಾಂಪೋಸಿಟರ್. ಇದು ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಒಂದು ಥರ, ಹೊಸ ವೇಲ್ಯಾಂಡ್‌ನಲ್ಲಿ ಇನ್ನೊಂದು ಥರ ನಡೆಯುತ್ತೆ. ತಯಾರಾದ ಚಿತ್ರ ಫ್ರೇಮ್‌ಬಫರ್ ಅನ್ನೋ ಮೆಮೊರಿಯ ಜಾಗದಲ್ಲಿ ಕೂರುತ್ತೆ. ಇಲ್ಲಿವರೆಗೆ ಅಡುಗೆಮನೆ.

ಆಮೇಲೆ ಬಡಿಸೋ ಕೆಲಸ. ಗ್ರಾಫಿಕ್ಸ್ ಚಿಪ್‌ನೊಳಗೇ ಇರೋ ಡಿಸ್‌ಪ್ಲೇ ಎಂಜಿನ್ ಅನ್ನೋ ಭಾಗ ಆ ಮೆಮೊರಿಯನ್ನ ಓದಿ, ಕೇಬಲ್ ಮೂಲಕ ಪ್ಯಾನೆಲ್‌ಗೆ ಕಳಿಸುತ್ತೆ. ಸಾಮಾನ್ಯ ಸ್ಕ್ರೀನ್‌ನಲ್ಲಿ ಸೆಕೆಂಡಿಗೆ 60 ಸಲ. 1920 ಗುಣಿಸು 1080 ಚುಕ್ಕೆ, ಒಂದೊಂದಕ್ಕೆ 4 ಬೈಟ್ ಅಂದ್ರೆ ಒಂದು ಚಿತ್ರಕ್ಕೆ ಸುಮಾರು 8 ಎಂಬಿ. 60 ಸಲ ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 500 ಎಂಬಿ ಓದ್ಬೇಕು. ನೀವು ಸುಮ್ಮನೆ ಒಂದು ಪುಟ ಓದ್ತಾ ಕೂತಿದ್ದರೂ ಈ ಓಡಾಟ ನಡೀತಾನೇ ಇರುತ್ತೆ. ಅದಕ್ಕೇ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಉಳಿಸೋಕೆ ಈ ಓಡಾಟ ಕಡಿಮೆ ಮಾಡೋ ಉಪಾಯಗಳನ್ನ ಇಟ್ಟಿದ್ದಾರೆ. ಈ ಹುಡುಗಿಯ ಕಥೆ ಅಲ್ಲಿಗೇ ಹೋಗಿ ನಿಲ್ಲುತ್ತೆ.

ಈ ಎಲ್ಲದರ ಮೇಲೆ ಯಜಮಾನಿಕೆ ಮಾಡೋದು ಕರ್ನಲ್‌ನಲ್ಲಿ ಕೂತಿರೋ ಡ್ರೈವರ್. ಅಡುಗೆಮನೆಯೂ ಅದರ ಕೈಯಲ್ಲಿ, ಬಡಿಸೋದೂ ಅದರ ಕೈಯಲ್ಲಿ. ಹಾಗಾಗಿ ಡ್ರೈವರ್ ತಪ್ಪು ಎರಡು ಕಡೆನೂ ಆಗಬಹುದು.

ಏನನ್ನೂ ಮುಟ್ಟೋ ಮುಂಚೆ ಐದು ಪರೀಕ್ಷೆ

ಒಂದನೇದು, ಬಯೋಸ್ ಪರೀಕ್ಷೆ. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಬಯೋಸ್ ಸೆಟಪ್‌ಗೆ ಹೋಗಿ. ಕೀ ಒಂದೊಂದು ಕಂಪನಿಗೆ ಬೇರೆ ಇರುತ್ತೆ. ಅಲ್ಲೇ ಹತ್ತು ನಿಮಿಷ ಬಿಡಿ. ಅಲ್ಲಿ ಇನ್ನೂ ಲಿನಕ್ಸ್ ಇಲ್ಲ, ಲಿನಕ್ಸ್ ಡ್ರೈವರೂ ಇಲ್ಲ. ಅಲ್ಲೂ ಗೆರೆ, ಮಿಣುಕು, ಬಣ್ಣದ ಚುಕ್ಕೆ ಬಂದ್ರೆ ಅದು ಹಾರ್ಡ್‌ವೇರ್. ಡ್ರೈವರ್ ಎಷ್ಟು ಸಲ ಬದಲಾಯಿಸಿದ್ರೂ ಹೋಗಲ್ಲ.

ಎರಡನೇದು, ಸ್ಕ್ರೀನ್‌ಶಾಟ್ ಪರೀಕ್ಷೆ. ಗಲೀಜು ಕಾಣ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೀರಿ. ಅದನ್ನ ಮೊಬೈಲ್‌ಗೆ ಕಳಿಸಿ, ಮೊಬೈಲ್‌ನಲ್ಲಿ ನೋಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ರೆ ಉಪಯೋಗ ಇಲ್ಲ. ಸ್ಕ್ರೀನ್‌ಶಾಟ್ ಅಂದ್ರೆ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ. ಗಲೀಜು ಚಿತ್ರದಲ್ಲೂ ಬಂದಿದ್ರೆ ತಪ್ಪು ಬಿಡಿಸೋ ಕಡೆ ಇದೆ, ಅಂದ್ರೆ ಮೆಸಾ, ಕಾಂಪೋಸಿಟರ್, ಅಥವಾ ಆ ಅಪ್ಲಿಕೇಶನ್. ಚಿತ್ರ ಸ್ವಚ್ಛ ಇದ್ರೆ ತಪ್ಪು ಬಡಿಸೋ ಕಡೆ: ಡಿಸ್‌ಪ್ಲೇ ಎಂಜಿನ್, ಕೇಬಲ್ ಅಥವಾ ಪ್ಯಾನೆಲ್. ಒಂದು ಎಚ್ಚರಿಕೆ: ಮೌಸ್ ಬಾಣ ಮತ್ತು ಕೆಲವು ಸಲ ವಿಡಿಯೊ ಬೇರೆಯೇ ಪದರದಲ್ಲಿ ಹೋಗುತ್ತವೆ. ಅವೆರಡರ ತಕರಾರಿಗೆ ಈ ಪರೀಕ್ಷೆಯನ್ನ ಪೂರ್ತಿ ನಂಬಬೇಡಿ.

ಮೂರನೇದು, ಹೊರಗಿನ ಮಾನಿಟರ್. ಎಚ್‌ಡಿಎಂಐ ಕೇಬಲ್ ಇದ್ರೆ ಮನೆಯ ಟಿವಿಗೇ ಹಾಕಿ ನೋಡಿ. ಕೇಬಲ್ ಇಲ್ಲದಿದ್ರೆ, ಪುಣೆಯವರಿಗೆ ನಾನು ಹೇಳಬೇಕಿಲ್ಲ, ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಇದ್ದೇ ಇದೆ.

ನಾಲ್ಕನೇದು, ಬೇರೆ ಕರ್ನಲ್. ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಆಪ್ಶನ್ಸ್ ಒಳಗೆ ಹಳೆಯ ಕರ್ನಲ್ ಇರುತ್ತೆ. ಅದರಿಂದ ಬೂಟ್ ಮಾಡಿ. ನಿನ್ನೆವರೆಗೆ ಸರಿ ಇತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಅನ್ನೋರಿಗೆ ಇದೊಂದೇ ಪರೀಕ್ಷೆ ಅರ್ಧ ಉತ್ತರ ಕೊಡುತ್ತೆ. ಬೇರೆ ಡಿಸ್ಟ್ರೊದ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ನೋಡೋದೂ ಇದೇ ಜಾತಿಯ ಪರೀಕ್ಷೆ.

ಐದನೇದು, ಡ್ರೈವರ್ ಇಲ್ಲದೆ ಬೂಟ್ ಮಾಡೋದು. ಗ್ರಬ್ ಮೆನುವಿನಲ್ಲಿ ನಿಮ್ಮ ಲಿನಕ್ಸ್ ಸಾಲಿನ ಮೇಲೆ ನಿಂತು 'ಇ' ಒತ್ತಿ. 'ಲಿನಕ್ಸ್' ಅನ್ನೋ ಪದದಿಂದ ಶುರುವಾಗೋ ಸಾಲಿನ ಕೊನೆಗೆ ಹೋಗಿ, ಒಂದು ಸ್ಪೇಸ್ ಬಿಟ್ಟು 'ನೋಮೋಡ್‌ಸೆಟ್' ಅಂತ ಒಂದೇ ಪದವಾಗಿ ಬರೀರಿ. ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ, ಮುಂದಿನ ಸಲಕ್ಕೆ ತಾನಾಗೇ ಹೋಗುತ್ತೆ, ಹೆದರಬೇಡಿ. ಇದರಿಂದ ಗ್ರಾಫಿಕ್ಸ್ ಡ್ರೈವರ್ ಪಕ್ಕಕ್ಕೆ ನಿಲ್ಲುತ್ತೆ, ಬಯೋಸ್ ತಯಾರು ಮಾಡಿಟ್ಟ ಸಾದಾ ಸ್ಕ್ರೀನ್‌ನಲ್ಲೇ ಕೆಲಸ ನಡೆಯುತ್ತೆ. ನಿಧಾನ ಇರುತ್ತೆ, ಹೊರಗಿನ ಮಾನಿಟರ್ ನಡೆಯಲ್ಲ, ಬ್ರೈಟ್‌ನೆಸ್ ಕೂಡ ಕೆಲವು ಸಲ ಬದಲಾಗಲ್ಲ. ಆದ್ರೆ ಇದರಲ್ಲಿ ಮಿಣುಕು ನಿಂತ್ರೆ ಡ್ರೈವರ್ ಮೇಲೆ ಅನುಮಾನ ಗಟ್ಟಿ ಆಗುತ್ತೆ. ಕೆಲವರು ಇದನ್ನೇ ಖಾಯಂ ಹಾಕ್ಕೊಂಡು ವರ್ಷಗಟ್ಟಲೆ ಕೂರ್ತಾರೆ. ಅದು ಪರೀಕ್ಷೆ ಮಾತ್ರ, ಮದ್ದಲ್ಲ.

ಗ್ರಬ್ ಮೆನು ಕಾಣೋದೇ ಇಲ್ಲ ಅಂದ್ರೆ, ಕಂಪನಿ ಲೋಗೊ ಹೋದ ಕೂಡಲೇ ಎಸ್ಕೇಪ್ ಒಂದೇ ಸಲ ಒತ್ತಿ. ಹಳೆ ಮಷಿನ್ ಆದ್ರೆ ಶಿಫ್ಟ್ ಹಿಡಿದುಕೊಳ್ಳಿ. ಎಸ್ಕೇಪ್ ಪಟಪಟ ಒತ್ತಿ 'ಗ್ರಬ್' ಅಂತ ಬರೆದ ಕಪ್ಪು ಸ್ಕ್ರೀನಿಗೆ ಹೋದ್ರೆ, ಅಲ್ಲಿ 'ನಾರ್ಮಲ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಮೆನು ವಾಪಸ್ ಬರುತ್ತೆ.

ಆ ಲ್ಯಾಪ್‌ಟಾಪ್‌ಗೆ ಏನಾಗಿತ್ತು

ಹುಡುಗಿ ಬಂದ್ಳು. ಆನ್ ಮಾಡಿದ್ವಿ. ಹೌದು, ಸ್ಕ್ರೀನ್ ಎರಡು ಮೂರು ಸೆಕೆಂಡಿಗೊಮ್ಮೆ ಕಣ್ಣು ಹೊಡೆದ ಹಾಗೆ ಮಿಣುಕ್ತಿತ್ತು. ಸ್ಕ್ರೀನ್‌ಶಾಟ್ ತೆಗೆದ್ವಿ, ಸ್ವಚ್ಛ. ನಮ್ಮ ಟಿವಿಗೆ ಹಾಕಿದ್ವಿ, ಟಿವಿಯಲ್ಲಿ ಏನೂ ತೊಂದರೆ ಇಲ್ಲ.

ಇಲ್ಲಿಗೇ ನಿಲ್ಲಿಸಿದ್ರೆ ನಾನೂ ಪ್ಯಾನೆಲ್ ಹೋಗಿದೆ ಅಂತಿದ್ದೆ. ಅಂಗಡಿಯವರೂ ಹೊರಗಿನ ಮಾನಿಟರ್ ಹಾಕಿ ನೋಡೇ ಹೇಳಿದ್ರಂತೆ. ಮೋಸ ಮಾಡಿದ್ರು ಅಂತ ನಾನು ಹೇಳಲ್ಲ, ಅವರ ಲೆಕ್ಕ ಅರ್ಧದಲ್ಲಿ ನಿಂತಿತ್ತು.

ಬಯೋಸ್‌ಗೆ ಹೋಗಿ ಚಹಾ ಕುಡಿಯೋವರೆಗೆ ಬಿಟ್ವಿ. ಒಂದು ಸಲವೂ ಮಿಣುಕಲಿಲ್ಲ. ಅದೇ ಪ್ಯಾನೆಲ್, ಅದೇ ಕೇಬಲ್. ಆಮೇಲೆ ನೋಮೋಡ್‌ಸೆಟ್ ಹಾಕಿ ಬೂಟ್ ಮಾಡಿದ್ವಿ. ಆಗಲೂ ಮಿಣುಕಿಲ್ಲ. ಅಂದ ಮೇಲೆ ಪ್ಯಾನೆಲ್ ಹೋಗಿಲ್ಲ. ಲಿನಕ್ಸ್ ಡ್ರೈವರ್ ಆ ಪ್ಯಾನೆಲ್ ಜೊತೆ ಮಾತಾಡೋ ರೀತಿಯಲ್ಲಿ ಏನೋ ಇದೆ.

ಆಗ ಅವಳೇ ಒಂದು ಮಾತು ಹೇಳಿದ್ಳು. "ವಿಡಿಯೊ ನೋಡೂ ಮುಂದ ಏನೂ ಆಗೂದಿಲ್ರಿ ಕಾಕಾ. ಪಿಡಿಎಫ್ ಓದಾಕ ಕುಂತ್ರ ಶುರುವಾಗ್ತೇತಿ."

ಇದೇ ದೊಡ್ಡ ಸುಳಿವು. ನಾನು ಹೇಳಿದ ಬ್ಯಾಟರಿ ಉಳಿಸೋ ಉಪಾಯಗಳಲ್ಲಿ ಒಂದರ ಹೆಸರು ಪ್ಯಾನೆಲ್ ಸೆಲ್ಫ್ ರಿಫ್ರೆಶ್, ಚಿಕ್ಕದಾಗಿ ಪಿಎಸ್‌ಆರ್. ಸ್ಕ್ರೀನ್‌ನಲ್ಲಿ ಏನೂ ಬದಲಾಗ್ತಾ ಇಲ್ಲ ಅಂದ್ರೆ, ಸೆಕೆಂಡಿಗೆ 60 ಸಲ ಅದೇ ಚಿತ್ರ ಯಾಕೆ ಕಳಿಸ್ಬೇಕು? ಪ್ಯಾನೆಲ್‌ನಲ್ಲೇ ಒಂದು ಪುಟ್ಟ ಮೆಮೊರಿ ಇಟ್ಟು, ಕೊನೆಯ ಚಿತ್ರವನ್ನ ಅದರಲ್ಲಿ ಉಳಿಸಿ, ಪ್ಯಾನೆಲ್ ತನ್ನಷ್ಟಕ್ಕೆ ತಾನೇ ತೋರಿಸ್ತಾ ಇರಲಿ, ಅಷ್ಟರಲ್ಲಿ ಗ್ರಾಫಿಕ್ಸ್ ಚಿಪ್ ಸ್ವಲ್ಪ ಮಲಗಲಿ ಅನ್ನೋ ಯೋಚನೆ. ಯೋಚನೆ ಒಳ್ಳೇದೇ. ಆದ್ರೆ ಮಲಗೋದು ಏಳೋದು ಎರಡೂ ಕಡೆ ತಾಳ ಕೂಡಬೇಕು. ಕೆಲವು ಪ್ಯಾನೆಲ್ ಮತ್ತು ಕೆಲವು ಕರ್ನಲ್ ಸೇರಿದಾಗ ತಾಳ ತಪ್ಪುತ್ತೆ. ಚಿತ್ರ ಓಡ್ತಿರುವಾಗ ಚಿಪ್ ಮಲಗೋದೇ ಇಲ್ಲ, ಅದಕ್ಕೇ ವಿಡಿಯೊ ನೋಡುವಾಗ ಸರಿ. ಓದ್ತಾ ಸುಮ್ಮನೆ ಕೂತಾಗ ಮಿಣುಕು. ಟಿವಿಗೆ ಈ ಉಪಾಯ ಇಲ್ಲ, ಬಯೋಸ್‌ನಲ್ಲೂ ಇರಲಿಲ್ಲ. ಎಲ್ಲ ಪರೀಕ್ಷೆಯ ಉತ್ತರವೂ ಒಂದಕ್ಕೊಂದು ಕೂಡಿಕೊಂಡವು.

ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್‌ನಲ್ಲಿ ಇದನ್ನ ನಿಲ್ಲಿಸೋ ಸಾಲು: ಐ915, ಡಾಟ್, ಎನೇಬಲ್, ಅಂಡರ್‌ಸ್ಕೋರ್, ಪಿಎಸ್‌ಆರ್, ಈಕ್ವಲ್, ಸೊನ್ನೆ. ಮಧ್ಯೆ ಸ್ಪೇಸ್ ಇಲ್ಲ. ಎಎಂಡಿ ಆದ್ರೆ: ಎಎಂಡಿಜಿಪಿಯು, ಡಾಟ್, ಡಿಸಿಡೀಬಗ್‌ಮಾಸ್ಕ್, ಈಕ್ವಲ್, ಸೊನ್ನೆ, ಎಕ್ಸ್, ಹತ್ತು. ನೋಮೋಡ್‌ಸೆಟ್ ಬರೆದ ಜಾಗದಲ್ಲೇ ಇದನ್ನ ಬರೆದು ಒಂದು ಸಲ ಬೂಟ್ ಮಾಡಿ ನೋಡ್ಬೇಕು. ನಾವೂ ಹಾಗೇ ಮಾಡಿದ್ವಿ. ಪಿಡಿಎಫ್ ತೆಗೆದಿಟ್ಟು ಅರ್ಧ ಗಂಟೆ ಮಾತಾಡ್ತಾ ಕೂತ್ವಿ. ಸ್ಕ್ರೀನ್ ಅಲುಗಲಿಲ್ಲ.

ಕೆಲಸ ಮಾಡುತ್ತೆ ಅಂತ ಖಾತ್ರಿ ಆದ ಮೇಲೇ ಖಾಯಂ ಮಾಡಿ. ಉಬುಂಟು, ಡೆಬಿಯನ್, ಮಿಂಟ್‌ನಲ್ಲಿ 'ಇಟಿಸಿ' ಫೋಲ್ಡರ್ ಒಳಗಿನ 'ಡೀಫಾಲ್ಟ್' ಒಳಗೆ 'ಗ್ರಬ್' ಅನ್ನೋ ಫೈಲ್ ಇದೆ. ಅದನ್ನ ಸುಡೊ ಹಾಕಿ ತೆರೆದು, ಗ್ರಬ್ ಸಿಎಂಡಿಲೈನ್ ಲಿನಕ್ಸ್ ಡೀಫಾಲ್ಟ್ ಅಂತ ದೊಡ್ಡ ಅಕ್ಷರದಲ್ಲಿರೋ ಸಾಲಿನ ಉದ್ಧರಣ ಚಿಹ್ನೆಯ ಒಳಗೆ ಇದನ್ನ ಸೇರಿಸಿ. ಆಮೇಲೆ ಸುಡೊ, ಅಪ್‌ಡೇಟ್ ಡ್ಯಾಶ್ ಗ್ರಬ್. ಫೆಡೋರಾದಲ್ಲಿ ಇದಕ್ಕೆ ಗ್ರಬಿ ಅನ್ನೋ ಕಮಾಂಡ್ ಇದೆ.

ಖರ್ಚು? ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅಷ್ಟೇ. ಎಂಟು ಸಾವಿರ ಅವಳ ಅಪ್ಪನ ಹತ್ತಿರವೇ ಉಳೀತು.

ನಿಮ್ಮ ಡ್ರೈವರ್ ಯಾವುದು ಅಂತ ತಿಳ್ಕೊಳ್ಳಿ

ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ, ಸ್ಪೇಸ್, ಡ್ಯಾಶ್ ಕೆ ಅಂತ ಕೊಡಿ. ಉದ್ದದ ಪಟ್ಟಿ ಬರುತ್ತೆ. ಅದರಲ್ಲಿ ವಿಜಿಎ ಅಥವಾ ಡಿಸ್‌ಪ್ಲೇ ಅಥವಾ 3ಡಿ ಕಂಟ್ರೋಲರ್ ಅಂತ ಇರೋ ಸಾಲು ಹುಡುಕಿ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅಂತ ಇರುತ್ತೆ. ಇಂಟೆಲ್‌ಗೆ ಐ915, ತೀರಾ ಹೊಸದಕ್ಕೆ ಎಕ್ಸ್ಇ. ಎಎಂಡಿಗೆ ಎಎಂಡಿಜಿಪಿಯು, ಹಳೆಯದಕ್ಕೆ ರೇಡಿಯಾನ್. ಎನ್‌ವಿಡಿಯಾಗೆ ನೂವೋ ಅಥವಾ ಎನ್‌ವಿಡಿಯಾ. ಆ ಸಾಲೇ ಇಲ್ಲ ಅಂದ್ರೆ ಡ್ರೈವರ್ ಹತ್ತಿಕೊಂಡೇ ಇಲ್ಲ ಅಂತ ಅರ್ಥ. ಎರಡೆರಡು ಕಂಡ್ರೆ ಗಾಬರಿ ಬೇಡ, ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ನೊಳಗೆ ಒಂದು, ಬೇರೆಯಾಗಿ ಒಂದು ಗ್ರಾಫಿಕ್ಸ್ ಚಿಪ್ ಇರುತ್ತೆ.

ಇನ್ನೊಂದು ಕಮಾಂಡ್: ಜಿಎಲ್‌ಎಕ್ಸ್‌ಇನ್ಫೊ, ಸ್ಪೇಸ್, ಡ್ಯಾಶ್, ದೊಡ್ಡ ಬಿ. ರೆಂಡರರ್ ಅನ್ನೋ ಸಾಲಿನಲ್ಲಿ ನಿಮ್ಮ ಚಿಪ್ ಹೆಸರು ಇರಬೇಕು. ಅಲ್ಲಿ 'ಎಲ್‌ಎಲ್‌ವಿಎಂಪೈಪ್' ಅಂತ ಬಂದ್ರೆ, ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತಿದೆ, ಬಿಡಿಸೋ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಮಾಡ್ತಾ ಇದೆ ಅಂತ ಅರ್ಥ. ವಿಡಿಯೊ ಎಡವುತ್ತೆ, ಫ್ಯಾನ್ ಕೂಗುತ್ತೆ ಅನ್ನೋರು ಮೊದಲು ಇದನ್ನ ನೋಡಿ.

ಎನ್‌ವಿಡಿಯಾದವರಿಗೆ ಎರಡು ಮಾತು ಹೆಚ್ಚು

ನನಗೆ ಬರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಇವೇ. ಕಾರಣಕ್ಕೆ ಒಂದು ಹಿನ್ನೆಲೆ ಇದೆ. ಇಂಟೆಲ್, ಎಎಂಡಿ ಡ್ರೈವರ್‌ಗಳು ಕರ್ನಲ್ ಒಳಗೇ ಬರುತ್ತವೆ. ಕರ್ನಲ್ ಅಪ್‌ಡೇಟ್ ಆದ್ರೆ ಜೊತೆಗೆ ಅವೂ ಆಗುತ್ತವೆ. ಎನ್‌ವಿಡಿಯಾದ ಸ್ವಂತ ಡ್ರೈವರ್ ಮಾತ್ರ ಹೊರಗಿನದು. ಕಂಪನಿ ಮಾಹಿತಿ ಕೊಡದೇ ಇದ್ದಾಗ, ಚಿಪ್ ಹೇಗೆ ನಡೆಯುತ್ತೆ ಅಂತ ಹೊರಗಿಂದಲೇ ಗಮನಿಸಿ ಬರೆದ ಮುಕ್ತ ಡ್ರೈವರ್ ನೂವೋ. ಅದು 2010ರಲ್ಲಿ ಕರ್ನಲ್ 2.6.33ಕ್ಕೆ ಸೇರಿತು. 2012ರಲ್ಲಿ ಫಿನ್‌ಲ್ಯಾಂಡ್‌ನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲೈನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಎದುರೇ ಎನ್‌ವಿಡಿಯಾಗೆ ಬೆರಳು ತೋರಿಸಿ ಬೈದದ್ದು ನಿಮ್ಮಲ್ಲಿ ಹಲವರು ನೋಡಿರ್ತೀರಿ. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡ್ ಬಿಡುಗಡೆ ಮಾಡಿತು, ಟ್ಯೂರಿಂಗ್ ಪೀಳಿಗೆಯಿಂದ ಈಚೆಗಿನ ಚಿಪ್‌ಗಳಿಗೆ. ಪರಿಸ್ಥಿತಿ ಸುಧಾರಿಸಿದೆ. ಆದ್ರೆ ಡ್ರೈವರ್ ಇವತ್ತಿಗೂ ಬೇರೆ ಪ್ಯಾಕೇಜ್ ಆಗಿಯೇ ಬರುತ್ತೆ.

ಹೊರಗಿನದಾದ್ರಿಂದ ಪ್ರತಿ ಹೊಸ ಕರ್ನಲ್‌ಗೂ ಆ ಮಾಡ್ಯೂಲ್ ಹೊಸದಾಗಿ ಕೂಡಬೇಕು. ಅಪ್‌ಡೇಟ್ ಆದ ಮರುದಿನ ಕಪ್ಪು ಸ್ಕ್ರೀನ್ ಬರೋದಕ್ಕೆ ಸಾಮಾನ್ಯ ಕಾರಣ ಇದೇ: ಕರ್ನಲ್ ಬಂತು, ಮಾಡ್ಯೂಲ್ ತಯಾರಾಗಲಿಲ್ಲ. ಡಿಕೆಎಂಎಸ್, ಸ್ಪೇಸ್, ಸ್ಟೇಟಸ್ ಅಂತ ಕೊಟ್ಟು ನೋಡಿದ್ರೆ ಯಾವ ಕರ್ನಲ್‌ಗೆ ಆಗಿದೆ, ಯಾವುದಕ್ಕೆ ಇಲ್ಲ ಗೊತ್ತಾಗುತ್ತೆ. ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್‌ನಿಂದ ಹಾಕಿದವರು, ಇನ್‌ಸ್ಟಾಲ್ ಮುಗೀತು ಅಂತ ಕೂಡಲೇ ರೀಬೂಟ್ ಮಾಡಬೇಡಿ. ಮಾಡ್ಯೂಲ್ ಹಿನ್ನೆಲೆಯಲ್ಲಿ ತಯಾರಾಗ್ತಾ ಇರುತ್ತೆ, ಐದು ನಿಮಿಷ ಕಾಯಿರಿ.

ಎರಡನೇ ಕಾರಣ ಸೆಕ್ಯೂರ್ ಬೂಟ್. ಅದು ಆನ್ ಇದ್ರೆ ಸಹಿ ಇಲ್ಲದ ಮಾಡ್ಯೂಲ್‌ನ ಕರ್ನಲ್ ಒಳಗೆ ಬಿಡಲ್ಲ. ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ. ರೀಬೂಟ್ ಆದಾಗ ನೀಲಿ ಬಣ್ಣದ ಒಂದು ಪುಟ ಬರುತ್ತೆ, ಅದರಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡ್ಬೇಕು. ಜನ ಹೆದರಿ ಅದನ್ನ ದಾಟಿಸಿಬಿಡ್ತಾರೆ, ಆಮೇಲೆ ಡ್ರೈವರ್ ಕೆಲಸ ಮಾಡ್ತಿಲ್ಲ ಅಂತಾರೆ. 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅನ್ನೋ ಸಂದೇಶ ಕಂಡ್ರೆ ಇದೇ ಅಂತ ತಿಳೀರಿ.

ಮೂರನೇದು, ವೇಲ್ಯಾಂಡ್‌ನಲ್ಲಿ ವಿಂಡೋಗಳು ಹಿಂದೆ ಮುಂದೆ ಕುಣಿಯೋದು, ಟೈಪ್ ಮಾಡಿದ ಅಕ್ಷರ ಮಾಯವಾಗಿ ಮತ್ತೆ ಬರೋದು. ಚಿತ್ರ ಪೂರ್ತಿ ಬಿಡಿಸಿ ಆಗೋ ಮುಂಚೆಯೇ ಕಾಂಪೋಸಿಟರ್ ಅದನ್ನ ಎತ್ತಿಕೊಂಡ್ರೆ ಹೀಗಾಗುತ್ತೆ. "ಆಯ್ತು, ಈಗ ತಗೋ" ಅಂತ ಸ್ಪಷ್ಟವಾಗಿ ಹೇಳೋ ವ್ಯವಸ್ಥೆ, ಎಕ್ಸ್‌ಪ್ಲಿಸಿಟ್ ಸಿಂಕ್, 2024ರಲ್ಲಿ ಎನ್‌ವಿಡಿಯಾದ 555 ಸರಣಿಯ ಡ್ರೈವರ್‌ಗೆ ಬಂತು. ಕೆಡಿಇ ಪ್ಲಾಸ್ಮಾ 6.1, ಗ್ನೋಮ್ 46.1ರಿಂದ ಈಚೆಗೆ ಅದರ ಬೆಂಬಲ ಇದೆ. ಡ್ರೈವರ್ ಮತ್ತು ಡೆಸ್ಕ್‌ಟಾಪ್ ಎರಡೂ ಹೊಸದಿರಬೇಕು. ಹಳೆ ಡಿಸ್ಟ್ರೊದಲ್ಲಿದ್ದೀರಿ ಅಂದ್ರೆ ಲಾಗಿನ್ ಪುಟದ ಮೂಲೆಯ ಗಾಲಿ ಗುರುತಿನಲ್ಲಿ ಎಕ್ಸ್ ಸೆಷನ್ ಇದ್ರೆ ಅದನ್ನ ಆರಿಸಿ ಬಳಸಿ, ಸದ್ಯಕ್ಕೆ ಸಾಕು.

ಇನ್ನು, ಕಂಪನಿಯ ವೆಬ್‌ಸೈಟ್‌ನಿಂದ ಫೈಲ್ ಇಳಿಸಿ ಹಾಕೋ ಹುಮ್ಮಸ್ಸು ಬೇಡ. ನಿಮ್ಮ ಡಿಸ್ಟ್ರೊ ಕೊಡೋ ಪ್ಯಾಕೇಜೇ ಹಾಕಿ. ಎರಡೂ ಕಲಸಿದ್ರೆ ಬಿಡಿಸೋದು ಕಷ್ಟ.

ಕನ್ನಡ ಅಕ್ಷರ ಒಡೆದು ಕಂಡ್ರೆ?

ಇದನ್ನ ತುಂಬಾ ಜನ ಕೇಳ್ತೀರಿ. ಒತ್ತಕ್ಷರ ಪಕ್ಕಕ್ಕೆ ಸರಿದಿದೆ, ಚೌಕ ಚೌಕ ಬರ್ತಾ ಇದೆ, ಗ್ರಾಫಿಕ್ಸ್ ಡ್ರೈವರ್ ಹಾಕ್ಬೇಕಾ ಅಂತ. ಬೇಡ. ಅದು ಫಾಂಟ್ ವಿಷಯ.

ಒಂದು ಕಾಲದಲ್ಲಿ ಮಾತ್ರ ಕನ್ನಡ ಅಕ್ಷರಕ್ಕೂ ಡಿಸ್‌ಪ್ಲೇ ಹಾರ್ಡ್‌ವೇರ್‌ಗೂ ನೇರ ಸಂಬಂಧ ಇತ್ತು, ಅದೂ ನಮ್ಮ ಪುಣೆಯಲ್ಲೇ. 1988ರಲ್ಲಿ ಇಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆ, ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನ ಮುಂದುವರಿಸಿತು. ಡಾಸ್ ಕಾಲದ ಪಿಸಿಯಲ್ಲಿ ಕನ್ನಡ ಕಾಣ್ಬೇಕು ಅಂದ್ರೆ ಒಳಗೆ ಜಿಸ್ಟ್ ಕಾರ್ಡ್ ಕೂರಿಸ್ತಿದ್ರು. ಈಗ ಅಕ್ಷರ ಕೂಡಿಸೋ ಕೆಲಸ ಪೂರ್ತಿ ಸಾಫ್ಟ್‌ವೇರ್‌ನದು. ಫಾಂಟ್ ಇದ್ರೆ ಸಾಕು. ರೆಡ್ ಹ್ಯಾಟ್‌ನ ಲೋಹಿತ್ ಸರಣಿಯ ಲೋಹಿತ್ ಕನ್ನಡ, ಅಥವಾ ನೋಟೊ ಕನ್ನಡ ಹಾಕ್ಕೊಳ್ಳಿ.

ಗುರುತು ಹಿಡಿಯೋದು ಹೇಗೆ? ಕನ್ನಡ ಮಾತ್ರ ಕೆಟ್ಟಿದೆ, ಇಂಗ್ಲಿಷ್ ಸರಿ ಇದೆ ಅಂದ್ರೆ ಫಾಂಟ್. ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಎಲ್ಲ ಭಾಷೆಯ ಅಕ್ಷರವೂ, ಐಕಾನೂ, ವಾಲ್‌ಪೇಪರೂ ಚಿಂದಿ ಆಗಿದೆ ಅಂದ್ರೆ ಡ್ರೈವರ್. ಬಿಡಿಸಿಟ್ಟ ಅಕ್ಷರಗಳು ಗ್ರಾಫಿಕ್ಸ್ ಚಿಪ್‌ನ ಮೆಮೊರಿಯಲ್ಲಿ ಕೂತಿರುತ್ತವೆ. ಸಸ್ಪೆಂಡ್ ಆಗುವಾಗ ಆ ಮೆಮೊರಿಗೆ ಕರೆಂಟ್ ಹೋಗುತ್ತೆ. ಎನ್‌ವಿಡಿಯಾ ಡ್ರೈವರ್‌ನಲ್ಲಿ ಆ ಮೆಮೊರಿಯನ್ನ ಪೂರ್ತಿ ಉಳಿಸೋಕೆ ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಶನ್ಸ್ ಅನ್ನೋ ಆಯ್ಕೆ ಇದೆ. ಅದು 1 ಆಗಿರಬೇಕು, ಜೊತೆಗೆ ಎನ್‌ವಿಡಿಯಾ ಸಸ್ಪೆಂಡ್, ಎನ್‌ವಿಡಿಯಾ ರೆಸ್ಯೂಮ್ ಅನ್ನೋ ಎರಡು ಸರ್ವಿಸ್ ಆನ್ ಆಗಿರಬೇಕು.

ಪೂರ್ತಿ ಹೆಪ್ಪುಗಟ್ಟಿ ನಿಂತ್ರೆ

ಬಣ್ಣದ ಚೌಕಗಳು ಬಂದು ಎಲ್ಲ ನಿಂತುಹೋದ್ರೆ ಪವರ್ ಬಟನ್ ಹಿಡಿಯೋ ಮುಂಚೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ. ಕಪ್ಪು ಲಾಗಿನ್ ಪುಟ ಬಂದ್ರೆ ಕರ್ನಲ್ ಜೀವಂತ ಇದೆ, ಲಾಗಿನ್ ಆಗಿ ಸುಡೊ ರೀಬೂಟ್ ಕೊಡಿ. ಅದೂ ಬರದಿದ್ರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀ ಹಿಡಿದುಕೊಂಡು, ಎಸ್, ಯು, ಬಿ ಒಂದೊಂದಾಗಿ, ನಡುವೆ ಎರಡು ಸೆಕೆಂಡ್ ಬಿಟ್ಟು ಒತ್ತಿ. ಬರೆಯದೇ ಉಳಿದಿದ್ದನ್ನ ಡಿಸ್ಕ್‌ಗೆ ಬರೆದು, ಡಿಸ್ಕ್‌ನ ಭದ್ರ ಮಾಡಿ, ರೀಬೂಟ್ ಮಾಡುತ್ತೆ. ಉಬುಂಟುವಿನಲ್ಲಿ ಈ ಮೂರಕ್ಕೆ ಮೊದಲಿಂದಲೇ ಅನುಮತಿ ಇರುತ್ತೆ.

ಮತ್ತೆ ಬೂಟ್ ಆದ ಕೂಡಲೇ: ಸುಡೊ, ಜರ್ನಲ್‌ಸಿಟಿಎಲ್, ಡ್ಯಾಶ್ ಕೆ, ಡ್ಯಾಶ್ ಬಿ, ಡ್ಯಾಶ್ 1. ಹಿಂದಿನ ಬೂಟ್‌ನಲ್ಲಿ ಕರ್ನಲ್ ಬರೆದಿಟ್ಟ ಕೊನೆಯ ಮಾತುಗಳು ಸಿಗುತ್ತವೆ. ಇಂಟೆಲ್ ಆದ್ರೆ 'ಜಿಪಿಯು ಹ್ಯಾಂಗ್', ಎಎಂಡಿ ಆದ್ರೆ 'ರಿಂಗ್ ಟೈಮ್‌ಔಟ್', ಎನ್‌ವಿಡಿಯಾ ಆದ್ರೆ 'ಎಕ್ಸ್‌ಐಡಿ' ಮತ್ತು ಒಂದು ನಂಬರ್ ಹುಡುಕಿ. ಎಕ್ಸ್‌ಐಡಿ 79 ಅಂದ್ರೆ ಕಾರ್ಡ್ ಕಣ್ಣಿಗೇ ಕಾಣದಂತೆ ಕಳಚಿಕೊಂಡಿದೆ ಅಂತ. ಬಿಸಿ, ಪವರ್ ಸಪ್ಲೈ, ಕಾರ್ಡ್ ಕೂತಿರೋ ರೀತಿ ಮೊದಲು ನೋಡಿ.

ಎಎಂಡಿಯ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದ್ದು, ರ‍್ಯಾಮ್ ತುಂಬಿದಾಗ ಮಾತ್ರ ಸ್ಕ್ರೀನ್ ಮಿಣುಕುತ್ತೆ ಅಂದ್ರೆ ಎಎಂಡಿಜಿಪಿಯು, ಡಾಟ್, ಎಸ್‌ಜಿ, ಅಂಡರ್‌ಸ್ಕೋರ್, ಡಿಸ್‌ಪ್ಲೇ, ಈಕ್ವಲ್, ಸೊನ್ನೆ ಹಾಕಿ ನೋಡಿ. ಕರ್ನಲ್‌ನ ದಾಖಲೆಯಲ್ಲೇ ಇದೇ ಲಕ್ಷಣಕ್ಕೆ ಇದನ್ನ ಹೇಳಿದ್ದಾರೆ.

ನಾನೇ ಮಾಡಿದ ತಪ್ಪು

ಎಲ್ಲದಕ್ಕೂ ಡ್ರೈವರ್‌ನೇ ದೂರಬೇಡಿ ಅಂತ ಹೇಳೋಕೆ ಇದನ್ನ ಹೇಳ್ತೀನಿ. ಕೆಲವು ವರ್ಷದ ಹಿಂದೆ ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಅಡ್ಡ ಗೆರೆಗಳು ಬರೋಕೆ ಶುರುವಾದ್ವು. ನಾನು ಲಿನಕ್ಸ್ ಗೊತ್ತಿರೋನಲ್ವಾ? ಡ್ರೈವರ್ ತಪ್ಪೇ ಅಂತ ತೀರ್ಮಾನ ಮಾಡಿದೆ. ಎರಡು ವಾರ ಕರ್ನಲ್ ಬದಲಾಯಿಸಿದೆ, ಮೂರು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಮೂರನೇ ಸಲ ಹೆಂಡತಿ ಪಕ್ಕದಲ್ಲಿ ಕೂತು ನೋಡ್ತಾ, "ಮುಚ್ಚಳ ಹಿಂದಕ್ಕ ಬಾಗಿಸಿದ್ರ ಗೆರೆ ಹೋಗ್ತಾವಲ್ರೀ" ಅಂದ್ಳು. ಕೀಲಿನ ಹತ್ತಿರ ಡಿಸ್‌ಪ್ಲೇ ಕೇಬಲ್ ಸವೆದಿತ್ತು. ಬಯೋಸ್‌ಗೆ ಹೋಗಿ ನೋಡಿದ್ರೆ ಅಲ್ಲೂ ಅದೇ ಗೆರೆ. ಹತ್ತು ನಿಮಿಷದ ಪರೀಕ್ಷೆ, ನಾನು ಮಾಡಿರಲಿಲ್ಲ. ರಿಪೇರಿಯವರು ಒಂದು ಗಂಟೆಯಲ್ಲಿ ಕೇಬಲ್ ಬದಲಾಯಿಸಿ ಕೊಟ್ರು.

ಅಂಗಡಿಯವರು ಎಲ್ಲಾ ಹಾರ್ಡ್‌ವೇರ್ ಅಂತಾರೆ, ನಮ್ಮಂಥವರು ಎಲ್ಲಾ ಸಾಫ್ಟ್‌ವೇರ್ ಅಂತೀವಿ. ಇಬ್ಬರೂ ತಮಗೆ ಗೊತ್ತಿರೋ ಕಡೆಯೇ ಹುಡುಕ್ತೀವಿ.

ಹಾಗಾಗಿ ಒಂದು ನೋಟ್‌ಬುಕ್ ಇಟ್ಕೊಳ್ಳಿ. ಯಾವಾಗ ಆಗುತ್ತೆ, ಯಾವಾಗ ಆಗಲ್ಲ, ಬರೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ಬರೀರಿ, ಕೆಲಸ ಮಾಡದಿದ್ರೆ ವಾಪಸ್ ತೆಗೀರಿ. ಹಳೆ ಕರ್ನಲ್ ಅಳಿಸಬೇಡಿ. ಯಾರೋ ಕೊಟ್ಟ ಹತ್ತು ಸಾಲನ್ನ ಒಟ್ಟಿಗೆ ಅಂಟಿಸಬೇಡಿ, ಸರಿಯಾದ್ರೂ ಯಾವುದರಿಂದ ಆಯ್ತು ಅಂತ ಗೊತ್ತಾಗಲ್ಲ. ಯಾರ ಹತ್ತಿರ ಸಹಾಯ ಕೇಳಿದ್ರೂ ಚಿಪ್ ಹೆಸರು, ಕರ್ನಲ್ ವರ್ಷನ್, ಎಕ್ಸ್ ಅಥವಾ ವೇಲ್ಯಾಂಡ್, ಐದು ಪರೀಕ್ಷೆಯ ಉತ್ತರ ಕೊಡಿ. "ಸ್ಕ್ರೀನ್ ಬರ್ತಾ ಇಲ್ಲ" ಅಂದ್ರೆ ಯಾರಿಗೂ ಏನೂ ಹೇಳೋಕೆ ಆಗಲ್ಲ.

ಆ ಹುಡುಗಿ ಸಬ್‌ಮಿಷನ್ ಮುಗಿಸಿದ್ಳು. ಲ್ಯಾಪ್‌ಟಾಪ್ ಅದೇ, ಪ್ಯಾನೆಲ್ ಅದೇ. ಹೋಗುವಾಗ ಒಂದು ಕೆಲಸ ಹೇಳಿ ಕಳಿಸಿದ್ದೀನಿ: ಆರು ತಿಂಗಳಿಗೊಮ್ಮೆ ಹೊಸ ಕರ್ನಲ್ ಬಂದಾಗ ಗ್ರಬ್ ಮೆನುವಿನಲ್ಲಿ ಆ ಸಾಲು ತೆಗೆದು ಒಂದು ಸಲ ಬೂಟ್ ಮಾಡಿ ನೋಡು. ಮಿಣುಕು ಬರದಿದ್ರೆ ಖಾಯಂ ತೆಗೆದುಬಿಡು, ಬ್ಯಾಟರಿ ಉಳಿಯುತ್ತೆ. ನೀವೂ ಹಾಗೇ ಮಾಡಿ.

ನಿಮ್ಮ ಸ್ಕ್ರೀನ್ ಏನು ಹೇಳ್ತು, ಯಾವ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು, ಬರೆದು ತಿಳಿಸಿ. ಮುಂದಿನ ವಿಡಿಯೊದಲ್ಲಿ ಸಿಗೋಣ.